ಎಸೆಯುವ ಮುನ್ನ ಅಳೆದು ನೋಡಿ

ಟಾರ್ಚು ಮಂಕಾದರೆ ಸೆಲ್ಲುಗಳನ್ನು ಹೊರತೆಗೆದು ಬಿಸಿಲಿಗಿಡುವುದು ನಮ್ಮ ಹಳ್ಳಿಮನೆಗಳ ಹಳೆಯ ರೂಢಿ. ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ಕಾದ ಸೆಲ್ಲು ರಾತ್ರಿಗೆ ಮತ್ತಷ್ಟು ಹೊತ್ತು ಬೆಳಕು ಕೊಡುತ್ತಿತ್ತು. ಟಾರ್ಚಿಗೆ ಸಾಲದಾದದ್ದು ರೇಡಿಯೊಗೆ ಹೋಗುತ್ತಿತ್ತು, ರೇಡಿಯೊಗೂ ಸಾಲದಾದದ್ದು ಗೋಡೆ ಗಡಿಯಾರಕ್ಕೆ. ರಸಾಯನಶಾಸ್ತ್ರ ಓದದ ಆ ಮನೆಗಳು ಕಂಡುಕೊಂಡಿದ್ದು ಅಪ್ಪಟ ವಿಜ್ಞಾನವನ್ನೇ. ಬಿಸಿ ತಾಗಿದಾಗ ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಅದರ ಆಂತರಿಕ ರೋಧ ತುಸು ತಗ್ಗುತ್ತದೆ. ಟಾರ್ಚು ಕೈಕೊಟ್ಟ ಮಾತ್ರಕ್ಕೆ ಸೆಲ್ಲು ಬರಿದಾಗಿರುವುದಿಲ್ಲ ಎಂಬ ತಿಳಿವಳಿಕೆ ಅಲ್ಲಿತ್ತು.

ಆ ತಿಳಿವಳಿಕೆ ಈಗ ನಮ್ಮ ಕೈತಪ್ಪುತ್ತಿದೆ. ರಿಮೋಟು ಕೆಲಸ ಮಾಡದಿದ್ದರೆ ಸೆಲ್ಲು ಕಸದ ಬುಟ್ಟಿಗೆ, ಆಟಿಕೆ ನಿಂತರೆ ಸೆಲ್ಲು ಕಸದ ಬುಟ್ಟಿಗೆ. ಒಳಗೆ ಎಷ್ಟು ಉಳಿದಿದೆ ಎಂದು ಯಾರೂ ಕೇಳುವುದಿಲ್ಲ. ಹೈಸ್ಕೂಲು, ಪಿಯುಸಿ, ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವ ಗೆಳೆಯರೇ, ಗೆಳತಿಯರೇ, ಆ ಪ್ರಶ್ನೆಯನ್ನು ನೀವು ಕೇಳಬೇಕು. ಕೇಳಿ ಸುಮ್ಮನಾಗದೆ ಉತ್ತರವನ್ನು ನಿಮ್ಮ ಕೈಯಿಂದಲೇ ಕಟ್ಟಿ ತೋರಿಸಬೇಕು. ಅದಕ್ಕೆ ಬೇಕಾಗಿರುವುದು ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಫೆರೈಟ್ ಉಂಗುರಕ್ಕೆ ಸುತ್ತಿದ ಒಂದಿಷ್ಟು ತಂತಿ, ಒಂದು ಎಲ್‌ಇಡಿ ಮತ್ತು ಯಾರೋ ಎಸೆದ ಒಂದು ಸೆಲ್ಲು. ಇಷ್ಟರಲ್ಲೇ ಆಧುನಿಕ ಪವರ್ ಎಲೆಕ್ಟ್ರಾನಿಕ್ಸ್‌ನ ಮೂಲಪಾಠವಿದೆ.

ಶಕ್ತಿ ಇದೆ, ಒತ್ತಡ ಇಲ್ಲ

ಹೊಸ ಪೆನ್ಸಿಲ್ ಸೆಲ್ಲಿನ ವೋಲ್ಟೇಜು ಸುಮಾರು 1.5. ಬಳಸುತ್ತ ಹೋದಂತೆ ಅದು 1.3, 1.2, 1.1 ಎಂದು ಮೆಟ್ಟಿಲು ಇಳಿಯುತ್ತದೆ. ಪ್ರತಿ ಉಪಕರಣಕ್ಕೂ ಇಷ್ಟಾದರೂ ವೋಲ್ಟೇಜು ಬೇಕು ಎಂಬ ಕನಿಷ್ಠ ಮಟ್ಟವಿರುತ್ತದೆ. ಸೆಲ್ಲು ಆ ಗೆರೆಗಿಂತ ಕೆಳಗಿಳಿದ ಕ್ಷಣ ಉಪಕರಣ ನಿಲ್ಲುತ್ತದೆ. ಸೆಲ್ಲಿನೊಳಗೆ ಇನ್ನೂ ಪ್ರತಿಕ್ರಿಯಿಸದ ಸತು ಇದೆ, ಮ್ಯಾಂಗನೀಸ್ ಡೈಆಕ್ಸೈಡ್ ಇದೆ. ಹೊರಗೆ ಕೆಲಸ ಮಾಡುವಷ್ಟು ಒತ್ತಡ ಮಾತ್ರ ಇಲ್ಲ.

ಬಿಳಿ ಎಲ್‌ಇಡಿಯನ್ನೇ ನೋಡಿ. ಅದು ಬೆಳಗಲು ಸುಮಾರು 3 ವೋಲ್ಟ್ ಬೇಕು. ಒಂದು ಸೆಲ್ಲು, ಅಂಗಡಿಯಿಂದ ಆಗಷ್ಟೇ ತಂದದ್ದಾದರೂ, ಅದನ್ನು ಹೊತ್ತಿಸಲಾರದು. ನೂರು ಹೊಸ ಸೆಲ್ಲುಗಳನ್ನು ಸಮಾಂತರವಾಗಿ ಜೋಡಿಸಿದರೂ ಹೊತ್ತಿಸಲಾರದು, ಏಕೆಂದರೆ ಸಮಾಂತರ ಜೋಡಣೆಯಲ್ಲಿ ವೋಲ್ಟೇಜು 1.5ರಲ್ಲೇ ನಿಲ್ಲುತ್ತದೆ. ಸಾವಿರಾರು ಜೂಲ್ ಶಕ್ತಿ ಕೈಯಲ್ಲಿದ್ದೂ ಒಂದು ಪುಟ್ಟ ದೀಪ ಉರಿಯುವುದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್ಲಿನಲ್ಲಿ ಮೊದಲಿಗೆ ಇರುವ ಶಕ್ತಿ ಸುಮಾರು 10 ಸಾವಿರ ಜೂಲ್. ಎಸೆಯುವಾಗ ಅದರ ಹತ್ತನೇ ಒಂದು ಭಾಗ ಮಾತ್ರ ಉಳಿದಿದೆ ಎಂದುಕೊಳ್ಳಿ. ಅದು 1,000 ಜೂಲ್. ಎಲ್‌ಇಡಿಗೆ 5 ಮಿಲಿಆಂಪಿಯರ್ ಕರೆಂಟು ಕೊಟ್ಟರೆ ಕತ್ತಲಲ್ಲಿ ಬೀಗದ ಕಿಂಡಿ ಹುಡುಕಲು, ಮೆಟ್ಟಿಲಿಳಿಯಲು ಸಾಕಾಗುವಷ್ಟು ಬೆಳಕು ಬರುತ್ತದೆ. 3.2 ವೋಲ್ಟ್ ಗುಣಿಸು 5 ಮಿಲಿಆಂಪಿಯರ್ ಎಂದರೆ 16 ಮಿಲಿವ್ಯಾಟ್. ನೀವು ಕಟ್ಟಿದ ಸರ್ಕೀಟಿನ ದಕ್ಷತೆ ಶೇ. 60 ಎಂದರೂ ಸೆಲ್ಲಿನಿಂದ ತೆಗೆಯಬೇಕಾದದ್ದು ಸುಮಾರು 27 ಮಿಲಿವ್ಯಾಟ್. 1,000 ಜೂಲ್‌ಗಳನ್ನು ಈ ವೇಗದಲ್ಲಿ ಖರ್ಚು ಮಾಡಿದರೆ ಹತ್ತು ಗಂಟೆಗೂ ಮೀರಿ ಬೆಳಕು. ಬುಟ್ಟಿಗೆ ಹೊರಟಿದ್ದ ಸೆಲ್ಲಿನಿಂದ ಒಂದು ಇಡೀ ರಾತ್ರಿ! ಈ ಲೆಕ್ಕಕ್ಕೆ ಬೇಕಾದದ್ದು ಹತ್ತನೇ ತರಗತಿಯ ಗುಣಾಕಾರ ಭಾಗಾಕಾರ ಅಷ್ಟೇ. ಪರೀಕ್ಷೆಗೆಂದು ಕಲಿತ ಸೂತ್ರಗಳು ಹೀಗೆ ಬದುಕಿಗೆ ಬರಬೇಕು.

ಶಿವನಸಮುದ್ರದಿಂದ ಸೆಲ್ಲಿನವರೆಗೆ

ವೋಲ್ಟೇಜು ಏರಿಸುವ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ಸಾಗಿಸಲು ಅದರ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್‌ಗಳ ಮೂಲಕ ಹತ್ತಾರು ಸಾವಿರಕ್ಕೆ ಏರಿಸಲಾಗಿತ್ತು. ವೋಲ್ಟೇಜು ಏರಿದಷ್ಟೂ ಅದೇ ಶಕ್ತಿಯನ್ನು ಒಯ್ಯಲು ಕಡಿಮೆ ಕರೆಂಟು ಸಾಕು, ಕರೆಂಟು ಇಳಿದಷ್ಟೂ ತಂತಿಯಲ್ಲಿ ಬಿಸಿಯಾಗಿ ಸೋರುವುದು ಕಡಿಮೆ.

ಹಾಗಾದರೆ ಸೆಲ್ಲಿಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಹಾಕಿದರಾಯಿತಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಟ್ರಾನ್ಸ್‌ಫಾರ್ಮರ್ ಕೆಲಸ ಮಾಡುವುದು ಬದಲಾಗುವ ಕರೆಂಟಿನಿಂದ. ಶಿವನಸಮುದ್ರದ್ದು ಎಸಿ, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಕರೆಂಟು. ಸೆಲ್ಲಿನದು ಡಿಸಿ, ಒಂದೇ ಸಮನೆ ಹರಿಯುವ ಕರೆಂಟು. ಆದ್ದರಿಂದ ಮೊದಲು ಅದನ್ನು ಕತ್ತರಿಸಬೇಕು, ಆನ್ ಆಫ್ ಮಾಡುತ್ತಿರಬೇಕು, ಸೆಕೆಂಡಿಗೆ ಸಾವಿರಾರು ಬಾರಿ. ನಮ್ಮ ಸರ್ಕೀಟಿನಲ್ಲಿ ಟ್ರಾನ್ಸಿಸ್ಟರ್ ಮಾಡುವ ಕೆಲಸ ಇದೇ.

ಕತ್ತರಿಸಿದಾಗ ವೋಲ್ಟೇಜು ಏರುವುದೇಕೆ? ರಭಸವಾಗಿ ನೀರು ಹರಿಯುತ್ತಿರುವ ಉದ್ದನೆಯ ಪೈಪಿನ ನಲ್ಲಿಯನ್ನು ಫಕ್ಕನೆ ಮುಚ್ಚಿದರೆ ಪೈಪು ‘ಧಡ್’ ಎಂದು ಒದೆಯುತ್ತದೆ. ಹರಿಯುತ್ತಿದ್ದ ನೀರಿನ ವೇಗವೆಲ್ಲ ಒಮ್ಮೆಲೇ ಒತ್ತಡವಾಗಿ ತಿರುಗುತ್ತದೆ. ತಂತಿಯ ಸುರುಳಿಯಲ್ಲಿ ಹರಿಯುವ ಕರೆಂಟೂ ಹಾಗೆಯೇ. ಅದು ಹರಿಯುವಾಗ ಸುರುಳಿಯ ಸುತ್ತ ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಕರೆಂಟನ್ನು ತಟ್ಟನೆ ತಡೆದರೆ ಆ ಕ್ಷೇತ್ರ ಕುಸಿಯುತ್ತದೆ, ಕುಸಿಯುತ್ತ ಸುರುಳಿಯ ತುದಿಯಲ್ಲಿ ವೋಲ್ಟೇಜನ್ನು ಮೇಲಕ್ಕೆ ತಳ್ಳುತ್ತದೆ. ಕರೆಂಟಿಗೆ ಹೊಸ ದಾರಿಯೊಂದು ಸಿಗುವವರೆಗೂ ವೋಲ್ಟೇಜು ಏರುತ್ತಲೇ ಇರುತ್ತದೆ. ಆ ದಾರಿಯಲ್ಲಿ ಎಲ್‌ಇಡಿ ಕೂತಿದ್ದರೆ 3 ವೋಲ್ಟ್ ದಾಟಿದ ಕೂಡಲೇ ಅದು ಬೆಳಗುತ್ತದೆ.

ಸುರುಳಿಯ ಈ ಗುಣವನ್ನು 1832ರಲ್ಲಿ ಜಗತ್ತಿಗೆ ತಿಳಿಸಿದವನು ಅಮೆರಿಕದ ಜೋಸೆಫ್ ಹೆನ್ರಿ. ಬಡತನದಲ್ಲಿ ಬೆಳೆದವನು, ಹುಡುಗನಾಗಿದ್ದಾಗ ಗಡಿಯಾರ ಮತ್ತು ಬೆಳ್ಳಿ ಕೆಲಸದವನ ಬಳಿ ಕಲಿಕೆಗೆ ನಿಂತವನು. ಆಲ್ಬನಿ ಅಕಾಡೆಮಿ ಎಂಬ ಶಾಲೆಯಲ್ಲಿ ದಿನವಿಡೀ ಪಾಠ ಹೇಳುತ್ತಿದ್ದ ಅವನಿಗೆ ಪ್ರಯೋಗಕ್ಕೆ ದೊಡ್ಡ ಕೋಣೆ ಸಿಗುತ್ತಿದ್ದದ್ದು ಬೇಸಿಗೆ ರಜೆಯ ಒಂದು ತಿಂಗಳು ಮಾತ್ರ. ಆ ಒಂದು ತಿಂಗಳನ್ನೇ ಅವನು ದುಡಿಸಿಕೊಂಡ. ಇಂದು ಸುರುಳಿಯ ಪ್ರೇರಕತ್ವವನ್ನು ಅಳೆಯುವ ಏಕಮಾನಕ್ಕೆ ‘ಹೆನ್ರಿ’ ಎಂದೇ ಹೆಸರು. ಸಮಯವಿಲ್ಲ, ಜಾಗವಿಲ್ಲ ಎಂದು ಅನ್ನಿಸಿದಾಗಲೆಲ್ಲ ಆ ರಜೆಯ ತಿಂಗಳು ನಿಮ್ಮ ನೆನಪಿಗೆ ಬರಲಿ.

ಓದುಗನೊಬ್ಬನ ಪುಟ್ಟ ಸರ್ಕೀಟು

1999ರ ನವೆಂಬರ್‌ನಲ್ಲಿ ಬ್ರಿಟನ್ನಿನ ‘ಎವೆರಿಡೇ ಪ್ರಾಕ್ಟಿಕಲ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯಲ್ಲಿ, ಓದುಗರು ಕಳಿಸಿದ ಸರ್ಕೀಟುಗಳಿಗೆ ಮೀಸಲಾದ ಅಂಕಣದಲ್ಲಿ, ಝಡ್. ಕಪಾರ್ನಿಕ್ ಎಂಬ ಓದುಗನ ಸಣ್ಣ ಬರಹವೊಂದು ಬಂತು. ಒಂದೇ ಸೆಲ್ಲಿನಿಂದ ಎಲ್‌ಇಡಿ ಹೊತ್ತಿಸುವ ಸರ್ಕೀಟು ಅದು. 2002ರಲ್ಲಿ ಕ್ಲೈವ್ ಮಿಚೆಲ್ ಎಂಬ ಹವ್ಯಾಸಿ ಅದಕ್ಕೆ ‘ಜೂಲ್ ಥೀಫ್’, ಅಂದರೆ ಜೂಲ್ ಕಳ್ಳ, ಎಂಬ ಹೆಸರಿಟ್ಟ. ಸೆಲ್ಲಿನಲ್ಲಿ ಉಳಿದ ಕೊನೆಯ ಜೂಲ್‌ಗಳನ್ನೂ ಬಿಡದ ಈ ಸರ್ಕೀಟು ಅದೇ ಹೆಸರಿನಲ್ಲಿ ಜಗತ್ತಿನ ಮೂಲೆಮೂಲೆಯ ಶಾಲೆಗಳನ್ನು ಮುಟ್ಟಿತು.

ಇದರೊಳಗಿನ ತತ್ವಕ್ಕೆ ಬ್ಲಾಕಿಂಗ್ ಆಸಿಲೇಟರ್ ಎಂದು ಹೆಸರು. ಅದು ಕಪಾರ್ನಿಕ್ ಹುಟ್ಟಿಸಿದ್ದೇನಲ್ಲ. ಹಳೆಯ ಟಿ.ವಿ.ಗಳಲ್ಲಿ, ರೇಡಾರುಗಳಲ್ಲಿ, ಕ್ಯಾಮೆರಾ ಫ್ಲ್ಯಾಶ್‌ಗಳಲ್ಲಿ ಅದು ಮೊದಲೇ ದುಡಿಯುತ್ತಿತ್ತು. ಅವನು ಮಾಡಿದ್ದು ಹಳೆಯ ತತ್ವವನ್ನು ಎಲ್‌ಇಡಿಗೆ ಹೊಂದಿಸಿದ್ದು, ಭಾಗಗಳನ್ನು ಕನಿಷ್ಠಕ್ಕೆ ಇಳಿಸಿದ್ದು, ಜೊತೆಗೆ ಬೇರೆ ಬೇರೆ ಟ್ರಾನ್ಸಿಸ್ಟರ್ ಹಾಕಿ ದಕ್ಷತೆಯನ್ನು ಅಳೆದದ್ದು. ಸರ್ಕೀಟು ಒಂದೇ ಆದರೂ ಟ್ರಾನ್ಸಿಸ್ಟರ್ ಬದಲಿಸಿದ ಮಾತ್ರಕ್ಕೆ ದಕ್ಷತೆ ಶೇ. 57ರಿಂದ 79ಕ್ಕೆ ಏರಿದ್ದನ್ನು ಅವನ ಅಳತೆ ತೋರಿಸಿತು. ದೊಡ್ಡ ಪ್ರಯೋಗಾಲಯವಾಗಲಿ, ಪೇಟೆಂಟಾಗಲಿ ಇಲ್ಲದೆ ಪತ್ರಿಕೆಯ ಓದುಗನೊಬ್ಬ ಅಳೆದು, ಬರೆದು, ಎಲ್ಲರಿಗೂ ಹಂಚಿದ. ಅಂಥ ಓದುಗರು ಕನ್ನಡದಲ್ಲಿ ಏಕೆ ಹುಟ್ಟಬಾರದು?

ಇದೇ ತತ್ವ ನಿಮ್ಮ ಮನೆಯಲ್ಲೂ ಇದೆ. ಸೊಳ್ಳೆ ಬ್ಯಾಟಿನ ಹಿಡಿಯೊಳಗಿರುವುದು ಕೆಲವೇ ವೋಲ್ಟಿನ ಪುಟ್ಟ ಬ್ಯಾಟರಿ, ಜಾಲರಿಯ ಮೇಲಿರುವುದು ಸಾವಿರ ವೋಲ್ಟನ್ನೂ ಮೀರಿದ ಒತ್ತಡ. ನಡುವೆ ನಿಂತಿರುವುದು ಟ್ರಾನ್ಸಿಸ್ಟರ್, ಸುರುಳಿ ಮತ್ತು ಡಯೋಡು-ಕೆಪಾಸಿಟರುಗಳ ಸಾಲು. ಆ ಡಯೋಡು-ಕೆಪಾಸಿಟರುಗಳ ಸಾಲನ್ನೇ ಇನ್ನಷ್ಟು ಬೆಳೆಸಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ 1932ರಲ್ಲಿ ಕೇಂಬ್ರಿಡ್ಜಿನಲ್ಲಿ ಪರಮಾಣುವಿನ ಬೀಜವನ್ನು ಸೀಳಿದರು. ಪವರ್ ಬ್ಯಾಂಕು ತನ್ನೊಳಗಿನ 3.7 ವೋಲ್ಟಿನ ಸೆಲ್ಲಿನಿಂದ ನಿಮ್ಮ ಮೊಬೈಲಿಗೆ 5 ವೋಲ್ಟ್ ಕೊಡುವುದೂ ಸುರುಳಿಯ ಇದೇ ಒದೆತದಿಂದ. 2004ರ ಟೊಯೋಟಾ ಪ್ರಿಯಸ್ ಕಾರಿನಲ್ಲಿ ಸುಮಾರು 200 ವೋಲ್ಟಿನ ಬ್ಯಾಟರಿಯನ್ನು ಮೋಟರಿಗಾಗಿ 500 ವೋಲ್ಟಿನವರೆಗೆ ಏರಿಸುತ್ತಿದ್ದದ್ದೂ ಇದೇ ಬಗೆಯ ಪರಿವರ್ತಕ. ಗಾತ್ರ ಬೇರೆ, ನಿಯಂತ್ರಣ ಬೇರೆ, ತತ್ವ ಒಂದೇ. ಅಂಗೈ ಮೇಲಿನ ಈ ದೀಪ ಅರ್ಥವಾದರೆ ಅವೆಲ್ಲದರ ಬಾಗಿಲು ತೆರೆಯುತ್ತದೆ.

ಕೈ ಹಚ್ಚಿ

ಬೆರಳಿಗೆ ಉಂಗುರವಾಗುವಷ್ಟು ಅಥವಾ ಇನ್ನೂ ಚಿಕ್ಕದಾದ ಫೆರೈಟ್ ಉಂಗುರ ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ನಿಮ್ಮೂರಿನ ರಿಪೇರಿ ಅಂಗಡಿಯ ಹಳೆಯ ಬೋರ್ಡುಗಳಲ್ಲೂ ಸಿಕ್ಕೀತು. ಕೆಟ್ಟುಹೋದ ಸಿಎಫ್ಎಲ್ ಬಲ್ಬಿನ ಬುಡದೊಳಗೆ ಇಂಥದೇ ಪುಟ್ಟ ಉಂಗುರವಿರುತ್ತದೆ. ಆದರೆ ಬಲ್ಬಿನ ಗಾಜಿನ ಕೊಳವೆಯಲ್ಲಿ ಪಾದರಸವಿದೆ, ಒಳಗಿನ ಕೆಪಾಸಿಟರಿನಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರಬಹುದು. ಅನುಭವಿಗಳ ನೆರವಿಲ್ಲದೆ ಅದನ್ನು ಬಿಚ್ಚಬೇಡಿ.

ಎರಡು ಬಣ್ಣದ, ಹೊದಿಕೆಯಿರುವ ತೆಳು ತಂತಿ ತೆಗೆದುಕೊಳ್ಳಿ. ಕೆಂಪು ಮತ್ತು ಹಸಿರು ಎನ್ನೋಣ. ಎರಡನ್ನೂ ಜೊತೆಯಾಗಿ ಹಿಡಿದು ಉಂಗುರದ ಸುತ್ತ ಹತ್ತು ಹದಿನೈದು ಸುತ್ತು ಸುತ್ತಿ. ಈಗ ನಾಲ್ಕು ತುದಿಗಳು: ಕೆಂಪಿನ ಆರಂಭ, ಕೆಂಪಿನ ಕೊನೆ, ಹಸಿರಿನ ಆರಂಭ, ಹಸಿರಿನ ಕೊನೆ. ಕೆಂಪಿನ ಆರಂಭವನ್ನು ಹಸಿರಿನ ಕೊನೆಗೆ ಜೋಡಿಸಿ, ಆ ಕೂಡುಜಾಗವನ್ನು ಸೆಲ್ಲಿನ ಧನ ತುದಿಗೆ ಸೇರಿಸಿ. ಕೆಂಪಿನ ಉಳಿದ ತುದಿ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ. ಹಸಿರಿನ ಉಳಿದ ತುದಿ 1,000 ಓಮ್ ರೆಸಿಸ್ಟರ್ ದಾಟಿ ಬೇಸಿಗೆ. ಎಮಿಟರ್ ಸೆಲ್ಲಿನ ಋಣ ತುದಿಗೆ. ಎಲ್‌ಇಡಿಯ ಉದ್ದ ಕಾಲು ಕಲೆಕ್ಟರಿಗೆ, ಗಿಡ್ಡ ಕಾಲು ಎಮಿಟರಿಗೆ. ಬಿಸಿ 547 ಟ್ರಾನ್ಸಿಸ್ಟರಾದರೆ ಚಪ್ಪಟೆ ಮುಖ ನಿಮ್ಮ ಕಡೆಗಿರಲಿ, ಕಾಲುಗಳು ಕೆಳಗಿರಲಿ. ಆಗ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಬೇರೆ ಟ್ರಾನ್ಸಿಸ್ಟರಾದರೆ ಕಾಲುಗಳ ಕ್ರಮ ಬೇರೆಯಿರಬಹುದು, ಡೇಟಾಶೀಟ್ ನೋಡಿಯೇ ಜೋಡಿಸಿ.

ಸೆಲ್ಲು ಸೇರಿಸಿದ ಕ್ಷಣ ಒಳಗೆ ನಡೆಯುವುದಿಷ್ಟು. ರೆಸಿಸ್ಟರ್ ಮೂಲಕ ಬೇಸಿಗೆ ಸಣ್ಣ ಕರೆಂಟು ಹರಿದು ಟ್ರಾನ್ಸಿಸ್ಟರ್ ತುಸು ತೆರೆದುಕೊಳ್ಳುತ್ತದೆ. ಕೆಂಪು ಸುರುಳಿಯಲ್ಲಿ ಕರೆಂಟು ಏರತೊಡಗುತ್ತದೆ. ಏರುವ ಕರೆಂಟು ಹಸಿರು ಸುರುಳಿಯಲ್ಲಿ ವೋಲ್ಟೇಜು ಹುಟ್ಟಿಸಿ ಬೇಸನ್ನು ಇನ್ನಷ್ಟು ತಳ್ಳುತ್ತದೆ, ಟ್ರಾನ್ಸಿಸ್ಟರ್ ಪೂರ್ತಿ ತೆರೆಯುತ್ತದೆ. ಉಂಗುರ ಇನ್ನಷ್ಟು ಕಾಂತತ್ವ ಹಿಡಿಯಲಾರದ ಹಂತಕ್ಕೆ ಬಂದಾಗ, ಅಥವಾ ಟ್ರಾನ್ಸಿಸ್ಟರ್ ಇನ್ನಷ್ಟು ಕರೆಂಟು ಹರಿಸಲಾರದೆ ಹೋದಾಗ, ಹಸಿರು ಸುರುಳಿಯ ಬೆಂಬಲ ಕುಸಿಯುತ್ತದೆ, ಟ್ರಾನ್ಸಿಸ್ಟರ್ ಮುಚ್ಚಿಕೊಳ್ಳುತ್ತದೆ. ಕಾಂತಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿ ಎಲ್‌ಇಡಿಗೆ ಹಾರುತ್ತದೆ. ಮತ್ತೆ ಮೊದಲಿನಿಂದ. ಪ್ರತಿ ಸುತ್ತಿನಲ್ಲಿ ಸಿಗುವುದು ಬಹಳ ಕಡಿಮೆ. ಸುರುಳಿಯ ಪ್ರೇರಕತ್ವ 100 ಮೈಕ್ರೋಹೆನ್ರಿ, ಕರೆಂಟಿನ ತುದಿಮಟ್ಟ 100 ಮಿಲಿಆಂಪಿಯರ್ ಆದರೆ ಅರ್ಧ ಮೈಕ್ರೋಜೂಲ್. ಆದರೆ ಸೆಕೆಂಡಿಗೆ ಇಂಥ 50 ಸಾವಿರ ಸುತ್ತುಗಳಾದರೆ 25 ಮಿಲಿವ್ಯಾಟ್. ಅಷ್ಟು ವೇಗದ ಮಿನುಗು ನಮ್ಮ ಕಣ್ಣಿಗೆ ಒಂದೇ ಸಮನೆ ಉರಿಯುವ ಬೆಳಕಾಗಿ ಕಾಣುತ್ತದೆ.

ದೀಪ ಹೊತ್ತದಿದ್ದರೆ ಎದೆಗುಂದಬೇಡಿ. ಬಹುಪಾಲು ಸಲ ಒಂದು ಸುರುಳಿಯ ತುದಿಗಳು ಅದಲುಬದಲಾಗಿರುತ್ತವೆ, ಹಸಿರಿನ ಎರಡು ತುದಿಗಳನ್ನು ಬದಲಿಸಿ ನೋಡಿ. ಎನಾಮೆಲ್ ತಂತಿಯಾದರೆ ತುದಿಯ ಲೇಪನವನ್ನು ಕೆರೆದಿದ್ದೀರಾ ನೋಡಿ. ಟ್ರಾನ್ಸಿಸ್ಟರಿನ ಕಾಲು, ಎಲ್‌ಇಡಿಯ ದಿಕ್ಕು ಮತ್ತೊಮ್ಮೆ ಪರೀಕ್ಷಿಸಿ. ತಪ್ಪನ್ನು ಹೀಗೆ ಒಂದೊಂದಾಗಿ ಹುಡುಕಿ ತೆಗೆಯುವ ಅಭ್ಯಾಸ ಯಾವ ಪದವಿ ಪತ್ರದಲ್ಲೂ ನಮೂದಾಗುವುದಿಲ್ಲ, ಆದರೆ ಎಂಜಿನಿಯರನ್ನು ರೂಪಿಸುವುದು ಅದೇ.

ಶಕ್ತಿ ಪುಕ್ಕಟೆ ಸಿಗುವುದಿಲ್ಲ

ಮೊಬೈಲಿನಲ್ಲಿ ಹರಿದಾಡುವ ಎಷ್ಟೋ ವಿಡಿಯೊಗಳು ಇಂಥ ಸರ್ಕೀಟನ್ನು ತೋರಿಸಿ ‘ಖರ್ಚಿಲ್ಲದ ವಿದ್ಯುತ್ತು’, ‘ಎಂದೂ ಮುಗಿಯದ ಶಕ್ತಿ’ ಎನ್ನುತ್ತವೆ. ನಂಬಬೇಡಿ. ವೋಲ್ಟೇಜು ಮೂರು ಪಟ್ಟು ಏರಿದರೆ ಸೆಲ್ಲಿನಿಂದ ಎಳೆಯುವ ಕರೆಂಟು ಎಲ್‌ಇಡಿಗೆ ಹೋಗುವ ಕರೆಂಟಿನ ಮೂರು ಪಟ್ಟಿಗೂ ಹೆಚ್ಚಾಗುತ್ತದೆ, ಏಕೆಂದರೆ ನಡುವೆ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಅದೇ ಎಲ್‌ಇಡಿಯನ್ನು 20 ಮಿಲಿಆಂಪಿಯರಿನಲ್ಲಿ ಪೂರ್ತಿ ಬೆಳಗಿಸಬೇಕೆಂದರೆ, ಶೇ. 60 ದಕ್ಷತೆಯಲ್ಲಿ, 1.1 ವೋಲ್ಟಿನ ಸೆಲ್ಲಿನಿಂದ ಸುಮಾರು 97 ಮಿಲಿಆಂಪಿಯರ್ ಎಳೆಯಬೇಕು. ದಣಿದ ಸೆಲ್ಲಿನ ಆಂತರಿಕ ರೋಧ ಹೆಚ್ಚಿರುವುದರಿಂದ ಅದು ಬೇಗ ಸೋಲುತ್ತದೆ. ಆದ್ದರಿಂದಲೇ ಇದು ಸಣ್ಣ ಹೊರೆಗಳ ಸರ್ಕೀಟು: ಪುಟ್ಟ ದೀಪ, ಸಣ್ಣ ಸೆನ್ಸರ್, ಗಡಿಯಾರದಂಥವು. ಶಕ್ತಿಯ ಸಂರಕ್ಷಣೆ ಎಂಬ ನಿಯಮವನ್ನು ಜೇಮ್ಸ್ ಜೂಲ್ 1840ರ ದಶಕದಲ್ಲಿ ನೀರು ಕಲಕಿ, ಉಷ್ಣತೆ ಅಳೆದು ಗಟ್ಟಿಗೊಳಿಸಿದ. ಯಾವ ವಿಡಿಯೊವೂ ಅದನ್ನು ಮುರಿದಿಲ್ಲ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಪ್ರಶ್ನೆ ಕೇಳುವ ಮನೋಭಾವಕ್ಕಾಗಿ ಜೀವ ತೇಯ್ದ ಎಚ್. ನರಸಿಂಹಯ್ಯನವರ ನಾಡು ಇದು. ಇಲ್ಲಿನ ಹುಡುಗ ಹುಡುಗಿಯರ ಕೈಯಲ್ಲಿ ಮಲ್ಟಿಮೀಟರ್ ಇರಬೇಕು, ಬಾಯಲ್ಲಿ ‘ಎಷ್ಟು?’ ಎಂಬ ಪ್ರಶ್ನೆ ಇರಬೇಕು.

ಕೆಲವು ಎಚ್ಚರಿಕೆಗಳನ್ನು ಮನಸ್ಸಿಟ್ಟು ಓದಿ. ಎಲ್‌ಇಡಿ ಇಲ್ಲದೆ ಸರ್ಕೀಟು ಚಾಲೂ ಮಾಡಬೇಡಿ. ಶಕ್ತಿಗೆ ದಾರಿ ಸಿಗದೆ ಕಲೆಕ್ಟರಿನ ವೋಲ್ಟೇಜು ಹತ್ತಾರು ವೋಲ್ಟಿಗೆ ಜಿಗಿದು ಟ್ರಾನ್ಸಿಸ್ಟರ್ ಸುಡಬಹುದು. ಈ ಪ್ರಯೋಗ ಎಸೆಯಲು ಹೊರಟ ಸಾಮಾನ್ಯ ಸೆಲ್ಲುಗಳಿಗೆ ಮಾತ್ರ. ರೀಚಾರ್ಜ್ ಸೆಲ್ಲುಗಳನ್ನು ಹೀಗೆ ತಳಮಟ್ಟ ಹೀರಿದರೆ ಹಾಳಾಗುತ್ತವೆ, ಲಿಥಿಯಂ ಬ್ಯಾಟರಿಗಳಿಗಂತೂ ಇದು ಅಪಾಯ. ಸಾಮಾನ್ಯ ಸೆಲ್ಲುಗಳನ್ನು ಚಾರ್ಜ್ ಮಾಡಲು ಹೋಗಬೇಡಿ. ಪೂರ್ತಿ ಬರಿದಾದ ಸೆಲ್ಲು ಸೋರಬಹುದು, ದೀಪ ಆರಿದ ಮೇಲೆ ತೆಗೆದಿಡಿ. ಬಟನ್ ಸೆಲ್ಲುಗಳು ಪುಟ್ಟ ಮಕ್ಕಳ ಕೈಗೆ ಎಂದೂ ಸಿಗದಿರಲಿ, ನುಂಗಿದರೆ ಪ್ರಾಣಕ್ಕೇ ಕುತ್ತು. ಸೊಳ್ಳೆ ಬ್ಯಾಟು, ಕ್ಯಾಮೆರಾ ಫ್ಲ್ಯಾಶುಗಳನ್ನು ಕುತೂಹಲಕ್ಕೂ ಬಿಚ್ಚಬೇಡಿ. ಕೊನೆಯ ಜೂಲ್ ತೆಗೆದ ಮೇಲೆ ಸೆಲ್ಲನ್ನು ಅಡುಗೆಮನೆಯ ಕಸದ ಜೊತೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ತಯಾರಕರಿಗೆ ಮಾತ್ರವಲ್ಲ, ಬಳಸುವ ನಮಗೂ ಅವು ಹೊಣೆ ಹೊರಿಸಿವೆ.

ಇಲ್ಲಿಂದ ಮುಂದೆ

ದೀಪ ಬೆಳಗಿತೆಂದು ನಿಲ್ಲಬೇಡಿ, ಕಲಿಕೆ ಆರಂಭವಾಗುವುದೇ ಆಗ. ಇನ್ನೂರು ರೂಪಾಯಿ ಆಸುಪಾಸಿನ ಮಲ್ಟಿಮೀಟರ್ ಕೊಳ್ಳಿ, ಅಥವಾ ನಾಲ್ಕು ಜನ ಸೇರಿ ಒಂದು ಕೊಳ್ಳಿ. ಸೆಲ್ಲಿನ ಬರಿ ವೋಲ್ಟೇಜು ನೋಡಿ ಮೋಸಹೋಗಬೇಡಿ. 10 ಓಮ್ ರೆಸಿಸ್ಟರನ್ನು ಕ್ಷಣಕಾಲ ಅಡ್ಡ ಹಿಡಿದು ವೋಲ್ಟೇಜು ಎಷ್ಟು ಕುಸಿಯಿತೆಂದು ನೋಡಿ, ಸೆಲ್ಲಿನ ನಿಜವಾದ ಬಲ ಆಗ ತಿಳಿಯುತ್ತದೆ. ಸುತ್ತುಗಳನ್ನು ಬದಲಿಸಿ, ರೆಸಿಸ್ಟರ್ ಬದಲಿಸಿ, ಟ್ರಾನ್ಸಿಸ್ಟರ್ ಬದಲಿಸಿ. ಆದರೆ ಒಮ್ಮೆಗೆ ಒಂದನ್ನು ಮಾತ್ರ. ಪ್ರತಿಯೊಂದನ್ನೂ ದಿನಾಂಕ ಹಾಕಿ ಪುಸ್ತಕದಲ್ಲಿ ಬರೆಯಿರಿ. ಎಲ್‌ಇಡಿ ಇದ್ದ ಜಾಗದಲ್ಲಿ ವೇಗದ ಶಾಟ್ಕಿ ಡಯೋಡು ಮತ್ತು ಕೆಪಾಸಿಟರ್ ಸೇರಿಸಿ, ವೋಲ್ಟೇಜು ಮಿತಿಮೀರದಂತೆ ಝೀನರ್ ಡಯೋಡು ಹಾಕಿದರೆ ಪುಟ್ಟ ಸೆನ್ಸರಿಗೂ ವಿದ್ಯುತ್ತು ಕೊಡಬಹುದು. ಅಂಗಳದ ಅಗ್ಗದ ಸೋಲಾರ್ ದೀಪಗಳಲ್ಲಿ ನಾಲ್ಕೇ ಕಾಲಿನ ಚಿಪ್ ಒಂದು, ಒಂದೇ ಸುರುಳಿಯ ನೆರವಿನಿಂದ, ಇದೇ ಕೆಲಸವನ್ನು ಇನ್ನೂ ಅಚ್ಚುಕಟ್ಟಾಗಿ ಮಾಡುತ್ತದೆ. ಅದನ್ನೂ ಬಿಡಿಸಿ ನೋಡಿ, ನಿಮ್ಮ ಸರ್ಕೀಟಿನೊಂದಿಗೆ ಹೋಲಿಸಿ.

ಮುಂದಿನ ದಾರಿ ಬಲು ದೊಡ್ಡದು. ಇಂದು 20 ಮಿಲಿವೋಲ್ಟಿನಿಂದ, ಅಂದರೆ ಒಂದು ವೋಲ್ಟಿನ ಐವತ್ತನೇ ಒಂದು ಭಾಗದಿಂದ, ಕೆಲಸ ಶುರುಮಾಡುವ ಚಿಪ್‌ಗಳಿವೆ. ಎಲ್‌ಟಿಸಿ 3108 ಅಂಥದೊಂದು. ಮೈಯ ಬಿಸಿಗೂ ಸುತ್ತಲಿನ ಗಾಳಿಗೂ ಇರುವ ಪುಟ್ಟ ಉಷ್ಣತೆಯ ಅಂತರದಿಂದಲೂ ಅದು ಸೆನ್ಸರನ್ನು ಓಡಿಸಬಲ್ಲದು. ಅದರೊಳಗಿನ ಉಪಾಯವೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಮತ್ತು ತಾನೇ ತಾನಾಗಿ ಆಂದೋಲಿಸುವ ಟ್ರಾನ್ಸಿಸ್ಟರ್. ನೀವು ಕಟ್ಟಿದ ಸರ್ಕೀಟಿನ ಹತ್ತಿರದ ನೆಂಟ. ತೋಟದ ಮಣ್ಣಿನ ತೇವ ಅಳೆಯುವ ಸೆನ್ಸರಿಗೆ, ವೈರು ಎಳೆಯಲಾಗದ ಸೇತುವೆಯ ಬಿರುಕು ಗಮನಿಸುವ ಸಾಧನಕ್ಕೆ, ಬೆರಳ ತುದಿಯ ವೈದ್ಯಕೀಯ ಉಪಕರಣಕ್ಕೆ ಇಂಥ ಸರ್ಕೀಟುಗಳೇ ಜೀವಾಳ. ಆಳಕ್ಕೆ ಇಳಿಯಬೇಕೆಂಬ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದ ವಿ. ರಾಮನಾರಾಯಣನ್ ಅವರ ಸ್ವಿಚ್ಡ್ ಮೋಡ್ ಪವರ್ ಕನ್ವರ್ಶನ್ ಪಾಠಟಿಪ್ಪಣಿಗಳಿವೆ. ದೇಶದ ಉದ್ದಗಲಕ್ಕೂ ವಿದ್ಯಾರ್ಥಿಗಳು ಅವನ್ನು ಓದಿ ಬೆಳೆದಿದ್ದಾರೆ.

ನಮ್ಮ ಶಾಲೆಯಲ್ಲಿ ಲ್ಯಾಬ್ ಇಲ್ಲ ಎನ್ನುತ್ತೀರಾ? ಈ ಪ್ರಯೋಗಕ್ಕೆ ಒಂದು ಮೇಜು ಸಾಕು, ಬೆಸುಗೆ ಹಾಕದೆ ತಂತಿ ಹೊಸೆದರೂ ನಡೆಯುತ್ತದೆ. ಇಂಗ್ಲಿಷ್ ಬರುವುದಿಲ್ಲವೇ? ಟ್ರಾನ್ಸಿಸ್ಟರಿಗೆ ಯಾವ ಭಾಷೆಯೂ ಬೇಕಿಲ್ಲ, ಡೇಟಾಶೀಟಿನ ಅಂಕಿಗಳನ್ನು ಓದಲು ಒಂದು ವಾರದ ಅಭ್ಯಾಸ ಸಾಕು, ನಿಮ್ಮ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಿರಿ. ಅಂಕ ಬರುವುದಿಲ್ಲವೇ? ವಿದ್ಯುತ್‌ಕಾಂತೀಯ ಪ್ರೇರಣೆಯ ಪಾಠ ಒಮ್ಮೆ ಅಂಗೈಯಲ್ಲಿ ಬೆಳಗಿದರೆ ಪರೀಕ್ಷೆಯಲ್ಲಿ ಅದನ್ನು ಉರುಹೊಡೆಯಬೇಕಾಗಿಯೇ ಇಲ್ಲ. ಇದು ಹುಡುಗರ ಕೆಲಸ ಎಂದು ಯಾರಾದರೂ ಅಂದರೆ, ಅಕ್ಕತಂಗಿಯರೇ, ನೀವು ಮೊದಲು ದೀಪ ಹೊತ್ತಿಸಿ ತೋರಿಸಿ. ಶಿಕ್ಷಕರಲ್ಲಿ ಒಂದು ವಿನಂತಿ: ವಿಜ್ಞಾನ ಮೇಳಕ್ಕೆ ಥರ್ಮೋಕೋಲ್ ಮಾದರಿಗಳ ಬದಲು ಇಂಥ ಕೆಲಸ ಮಾಡುವ ಸರ್ಕೀಟುಗಳನ್ನು ಮಕ್ಕಳಿಂದ ಮಾಡಿಸಿ, ದಕ್ಷತೆಯ ಸ್ಪರ್ಧೆ ಇಡಿ. ಒಂದೇ ಹಳೆಯ ಸೆಲ್ಲಿನಿಂದ ಹೆಚ್ಚು ಗಂಟೆ ಬೆಳಗಿಸಿದವರಿಗೆ ಬಹುಮಾನ ಕೊಡಿ.

ಒಂದು ಸೆಲ್ಲಿನಲ್ಲಿ ಉಳಿದ ಬೆಳಕಿನಿಂದ ದೇಶದ ವಿದ್ಯುತ್ ಕೊರತೆ ನೀಗುವುದಿಲ್ಲ, ನಿಜ. ಆದರೆ ಎಸೆಯುವ ಮುನ್ನ ಅಳೆಯುವ ಕೈ, ಮುಗಿಯಿತು ಎಂದವರ ಮಾತನ್ನು ಪರೀಕ್ಷಿಸುವ ಮನಸ್ಸು, ಇರುವುದರಲ್ಲೇ ಉಪಾಯ ಹುಡುಕುವ ಬುದ್ಧಿ, ಇವು ಇದ್ದವರೇ ನಾಳೆ ಕಡಿಮೆ ಶಕ್ತಿಯಲ್ಲಿ ಹೆಚ್ಚು ದುಡಿಯುವ ಯಂತ್ರಗಳನ್ನು ಕಟ್ಟುವವರು. ಬಿಸಿಲಿನ ನೆಲ, ಮಳೆಯ ಕಾಡು, ಕರೆಂಟು ಕೈಕೊಡುವ ಊರುಗಳು, ವೇಗವಾಗಿ ಬೆಳೆಯುತ್ತಿರುವ ಎಲೆಕ್ಟ್ರಿಕ್ ವಾಹನಗಳು ಎಲ್ಲವೂ ಇರುವ ಈ ನಾಡಿಗೆ ಅಂಥವರು ನೂರಾರು ಜನ ಬೇಕು.

ಆದ್ದರಿಂದ ಈ ಭಾನುವಾರ ಮನೆಯ ಹಳೆಯ ಸೆಲ್ಲುಗಳನ್ನೆಲ್ಲ ಒಂದೆಡೆ ಹಾಕಿ. ಒಂದೊಂದನ್ನೇ ಅಳೆದು ಪಟ್ಟಿ ಮಾಡಿ. ಒಂದು ಉಂಗುರಕ್ಕೆ ತಂತಿ ಸುತ್ತಿ, ದೀಪ ಹೊತ್ತಿಸಿ, ಎಷ್ಟು ಗಂಟೆ ಉರಿಯಿತೆಂದು ಬರೆದಿಡಿ. ಮುಂದಿನ ಭಾನುವಾರ ಪಕ್ಕದ ಮನೆಯ ತಮ್ಮನಿಗೋ ತಂಗಿಗೋ ಕಲಿಸಿ, ಅವರಿಂದಲೇ ಕಟ್ಟಿಸಿ. ನಿಮ್ಮ ಅಳತೆ ಮುಂದಿನವರಿಗೆ ಮೆಟ್ಟಿಲಾಗುವಂತೆ ಕನ್ನಡದಲ್ಲಿ ಬರೆದು ಹಂಚಿ. ಈ ಕೆಲಸಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಯಾವ ಪದವಿಗೂ ಕಾಯಬೇಕಿಲ್ಲ. ಮೊದಲ ಸುತ್ತು ಇವತ್ತೇ ಸುತ್ತಿ.